ನೈಟ್ ಆಗುವ ಆಸೆಯೇ? ಬಟ್ಟೆಯಿಂದ ಶುರು ಮಾಡಿ

ಪ್ರಶ್ನೆ: ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದು ಕೊವೆಂಟ್ರಿಯಲ್ಲಿದ್ದೇನೆ. ಹಳೇ ಕಾಲದ ಯುದ್ಧಗಳನ್ನು ವೇಷ ಹಾಕಿ ಆಡಿ ತೋರಿಸುವ ತಂಡವೊಂದಕ್ಕೆ ಸೇರಿದ್ದೇನೆ. ಅವರದು 1265ರ ಈವ್‌ಶಮ್ ಕದನದ ಕಾಲ. ನನಗೆ ನೈಟ್, ಅಂದರೆ ಕವಚ ತೊಟ್ಟು ಕುದುರೆ ಮೇಲೆ ಕಾದಾಡುವ ಯೋಧ ಆಗಬೇಕು ಅಂತ ಆಸೆ. ತಲೆಯಿಂದ ಕಾಲಿನವರೆಗೆ ಹೊಳೆಯುವ ಉಕ್ಕಿನ ಕವಚದ ಸೆಟ್ ಆನ್‌ಲೈನ್‌ನಲ್ಲಿ 400 ಪೌಂಡ್‌ಗೆ ಸಿಗುತ್ತಿದೆ. ನನ್ನ ಹತ್ತಿರ ಇರುವುದೂ ಅಷ್ಟೇ. ತಗೋಬಹುದಾ? ಇಲ್ಲಾ, ಊರಿಂದ ಮಾಡಿಸಿ ತರಿಸಿಕೊಂಡರೆ ಅಗ್ಗ ಆಗುತ್ತಾ? ಕನ್ನಡಕ ಹಾಕಿಕೊಂಡೇ ಆಡಬಹುದಾ?

ಉತ್ತರ: ಆ ಸೆಟ್ ಬೇಡ. ಅದು ನಿಮ್ಮ ಕಾಲದ್ದೇ ಅಲ್ಲ. ಮೈ ಪೂರ್ತಿ ಮುಚ್ಚುವ ಉಕ್ಕಿನ ತಗಡಿನ ಕವಚ ರೂಢಿಗೆ ಬಂದಿದ್ದು 1400ರ ಆಸುಪಾಸಿನಲ್ಲಿ. ರಾಜನ ವಿರುದ್ಧ ದಂಗೆ ಎದ್ದ ಸರದಾರರ ನಾಯಕ, ಈವ್‌ಶಮ್‌ನಲ್ಲಿ ಸತ್ತ ಸೈಮನ್ ಡಿ ಮಾಂಟ್‌ಫರ್ಟ್ ಅಂಥದ್ದನ್ನು ಕಂಡಿರಲೇ ಇಲ್ಲ. ಜೊತೆಗೆ, ಆ ಬೆಲೆಗೆ ಬರುವ ಸೆಟ್ಟುಗಳು ಸಾಮಾನ್ಯವಾಗಿ ಹೋಟೆಲ್ ಲಾಬಿಯಲ್ಲಿ ನಿಲ್ಲಿಸೋಕೆ ಮಾಡಿದವು. ತಗಡು ತೆಳು, ಕೀಲು ಸಡಿಲ. ಹಾಕಿಕೊಂಡು ಕೈ ಎತ್ತೋಕೂ ಆಗಲ್ಲ.

1265ರ ನೈಟ್ ಹೇಗಿದ್ದ ಅಂತ ನೋಡಬೇಕಾದರೆ ಮಾರ್ಗನ್ ಬೈಬಲ್ ಅನ್ನೋ ಹಳೇ ಕೈಬರಹದ ಪುಸ್ತಕದ ಚಿತ್ರಗಳನ್ನು ನೋಡಿ. ಫ್ರಾನ್ಸಿನಲ್ಲಿ 1250ರ ಸುಮಾರಿಗೆ ಬರೆದವು, ನೆಟ್‌ನಲ್ಲಿ ಸುಮ್ನೆ ಸಿಗುತ್ತವೆ. ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿದ ಸರಪಳಿ ಅಂಗಿ, ಕಾಲಿಗೂ ಅದೇ. ಒಳಗೆ ದಪ್ಪ ಹೊಲಿಗೆಯ ಮೆತ್ತೆ ಅಂಗಿ, ಮೇಲೆ ತೋಳಿಲ್ಲದ ಬಟ್ಟೆಯ ನಿಲುವಂಗಿ. ತಲೆಗೆ ಮುಖ ಮುಚ್ಚುವ ದೊಡ್ಡ ಹೆಲ್ಮೆಟ್, ಇಲ್ಲವೇ ಸುತ್ತ ಅಂಚಿರುವ ಕಬ್ಬಿಣದ ಟೋಪಿ.

ಇಷ್ಟನ್ನೂ ಸರಿಯಾಗಿ ಮಾಡಿಸಿದರೆ ನಿಮ್ಮ ಬಜೆಟ್‌ನ ಮೂರು ಪಟ್ಟು ದಾಟುತ್ತದೆ. ಹಾಗಾಗಿ ಮೊದಲ ವರ್ಷ ನೈಟ್ ಆಗಬೇಡಿ, ಕಾಲಾಳು ಆಗಿ. ಇದೇನೂ ಕಳಪೆ ವೇಷ ಅಲ್ಲ. ಯಾರು ಯಾವ ಆಯುಧ ಇಟ್ಟುಕೊಂಡಿರಬೇಕು ಅಂತ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ 1181ರಲ್ಲೇ ಕಾನೂನು ಮಾಡಿದ್ದ. ನೈಟ್‌ಗೆ ಸರಪಳಿ ಅಂಗಿ, ಹೆಲ್ಮೆಟ್, ಗುರಾಣಿ, ಈಟಿ. ಪಟ್ಟಣದ ಸಾಮಾನ್ಯ ಸ್ವತಂತ್ರ ಜನಕ್ಕೆ ಮೆತ್ತೆ ಅಂಗಿ, ಕಬ್ಬಿಣದ ಟೋಪಿ, ಈಟಿ. ನಿಮ್ಮ 400 ಪೌಂಡ್‌ಗೆ ಈ ಎರಡನೇ ಪಟ್ಟಿ ಪೂರ್ತಿ ಬರುತ್ತದೆ. ಮುಂದೆ ನೈಟ್ ಆದಾಗ ಇದರಲ್ಲಿ ಮುಕ್ಕಾಲು ಪಾಲು ಹಾಗೇ ಉಪಯೋಗಕ್ಕೆ ಬರುತ್ತದೆ.

ದುಡ್ಡನ್ನು ಮೈಯಿಂದ ಹೊರಕ್ಕೆ ಖರ್ಚು ಮಾಡುತ್ತಾ ಹೋಗಿ. ಲಿನನ್ ಒಳ ಅಂಗಿ, ಲಿನನ್ ಚಡ್ಡಿ, ಆ ಚಡ್ಡಿಯ ಪಟ್ಟಿಗೆ ಕಟ್ಟುವ ಉಣ್ಣೆಯ ಕಾಲುಚೀಲ, ಮೇಲೆ ಮೊಣಕಾಲು ದಾಟುವ ಉಣ್ಣೆಯ ಅಂಗಿ. ಹೆಚ್ಚಿನವರು ಜಿಪುಣತನ ಮಾಡೋದು ಇಲ್ಲೇ. 300 ಪೌಂಡ್‌ನ ಹೆಲ್ಮೆಟ್ ಕೆಳಗೆ ಟ್ರ್ಯಾಕ್ ಪ್ಯಾಂಟ್! ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಬಟ್ಟೆ ನೀವೇ ಹೊಲಿದುಕೊಂಡರೆ 80 ಪೌಂಡ್‌ನಲ್ಲಿ ಮುಗಿಯುತ್ತದೆ. ಕಟಿಂಗ್ ಸುಲಭ, ಎಲ್ಲಾ ಚೌಕ ಮತ್ತು ತ್ರಿಕೋನದ ತುಂಡುಗಳೇ. ಒಳಗಿನ ಉದ್ದ ಹೊಲಿಗೆ ಮೆಷಿನ್‌ನಲ್ಲಿ ಹಾಕಿದರೂ ಬಹಳಷ್ಟು ತಂಡಗಳು ಒಪ್ಪುತ್ತವೆ. ಹೊರಗೆ ಕಾಣುವ ಹೊಲಿಗೆ ಮಾತ್ರ ಕೈಯಲ್ಲೇ ಇರಲಿ.

ಶೂಗೆ 70 ಪೌಂಡ್ ಎತ್ತಿಡಿ. ಒಳಮೈ ಹೊರಗೆ ಮಾಡಿ ಹೊಲಿದು ಆಮೇಲೆ ತಿರುಗಿಸುವ ತೆಳು ಚರ್ಮದ ಶೂ ಆ ಕಾಲದ್ದು. ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ, ಅಭ್ಯಾಸದ ದಿನವೇ ಹಾಕಿ ನೋಡಿ.

ಮೆತ್ತೆ ಅಂಗಿಗೆ 100ರಿಂದ 120. ಇದರ ಹೆಸರು ಗ್ಯಾಂಬೆಸನ್. ಒಳಗೆ ಪಾಲಿಯೆಸ್ಟರ್ ತುಂಬಿದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ಬೆವರು ಹೀರಲ್ಲ, ಅರ್ಧ ಗಂಟೆಯಲ್ಲಿ ಬೆಂದು ಹೋಗುತ್ತೀರಿ. ಹೊರಗೆ ಲಿನನ್ ಅಥವಾ ಹತ್ತಿ ಬಟ್ಟೆ, ಒಳಗೆ ಹತ್ತಿ ಅಥವಾ ಉಣ್ಣೆ ಇರಲಿ. ಮುಂದೆ ಇದರ ಮೇಲೆ ಸರಪಳಿ ಬರಬೇಕು. ಅದಕ್ಕೆ ತೀರಾ ದಪ್ಪದ್ದು ತಗೋಬೇಡಿ, ಕಂಕುಳಲ್ಲಿ ಕೈ ಆಡುವಷ್ಟು ಜಾಗ ಇರಲಿ.

ತಲೆಗೆ ಅಂಚಿನ ಟೋಪಿಯೇ ಸಾಕು. ಸುಮಾರು 80 ಪೌಂಡ್. ಮಾರ್ಗನ್ ಬೈಬಲ್‌ನಲ್ಲಿ ಸರಪಳಿ ತೊಟ್ಟ ನೈಟ್‌ಗಳೂ ಇದನ್ನು ಹಾಕಿದ್ದಾರೆ, ಅಂದರೆ ನಾಳೆಯೂ ಇದು ದಂಡ ಆಗಲ್ಲ. ತಗಡು 1.6 ಮಿ.ಮೀ.ಗಿಂತ ಕಡಿಮೆ ಇದ್ದರೆ ಬೇಡ, 2 ಮಿ.ಮೀ. ಆದರೆ ಇನ್ನೂ ವಾಸಿ. 1.2 ಮಿ.ಮೀ.ದು ಗೋಡೆಗೆ ನೇತು ಹಾಕೋಕೆ ಸರಿ. ಉಳಿದ ದುಡ್ಡಲ್ಲಿ ಮೊಂಡು ಮೊನೆಯ ಈಟಿ. ಕತ್ತಿಗೆ ಈ ವರ್ಷ ಕೈ ಹಾಕಬೇಡಿ. ಬೇಕಾದರೆ ಎದೆಗೆ ಬಿಳಿ ಬಟ್ಟೆಯ ಶಿಲುಬೆ ಹೊಲಿದುಕೊಳ್ಳಿ. 1264ರ ಲೂಯಿಸ್ ಕದನದಲ್ಲಿ ಮಾಂಟ್‌ಫರ್ಟ್ ಕಡೆಯವರ ಗುರುತು ಅದೇ ಆಗಿತ್ತು. ಖರ್ಚಿಲ್ಲದ ಇತಿಹಾಸ!

ಇನ್ನು, ಮುಂದೆ ನೈಟ್ ಆಗುವಾಗ ಬೇಕಾಗುವ ಸರಪಳಿ ಅಂಗಿ. ಇಲ್ಲಿ ಮೋಸ ಹೋಗೋರು ಜಾಸ್ತಿ. ಬಳೆಯ ಎರಡು ತುದಿ ಸುಮ್ನೆ ಮುಟ್ಟಿಸಿ ಬಿಟ್ಟಿದ್ದು ಅಗ್ಗ, ಆದರೆ ಅದು ತನ್ನ ಭಾರಕ್ಕೇ ಬಾಯಿ ಬಿಡುತ್ತದೆ. ಆ ಕಾಲದ ಯುರೋಪಿನಲ್ಲಿ ಬಳೆಯ ತುದಿಗಳಿಗೆ ರಿವೆಟ್ ಹೊಡೆಯುತ್ತಿದ್ದರು. ಅಂಥದ್ದೇ ತಗೊಳ್ಳಿ, 250ರಿಂದ 350 ಪೌಂಡ್ ಆಗಬಹುದು. ಜಿಂಕ್ ಲೇಪಿಸಿದ್ದು, ಅಲ್ಯೂಮಿನಿಯಂದು ಎರಡೂ ಬೇಡ. ಭಾರ ಹತ್ತು ಹನ್ನೆರಡು ಕೆ.ಜಿ. ಇರುತ್ತದೆ. ಸೊಂಟಕ್ಕೆ ಬಿಗಿಯಾಗಿ ಬೆಲ್ಟ್ ಕಟ್ಟಿ, ಮೇಲಿನ ಭಾಗವನ್ನು ಸ್ವಲ್ಪ ಎಳೆದು ಬೆಲ್ಟಿನ ಮೇಲೆ ಇಳಿಬಿಟ್ಟರೆ ಭುಜಕ್ಕೆ ಹೊರೆ ಕಡಿಮೆ.

ಊರಿಂದ ತರಿಸುವ ವಿಷಯ. ಯುರೋಪಿನ ಅಂಗಡಿಗಳಲ್ಲಿ ಸಿಗುವ ಅಗ್ಗದ ಹೆಲ್ಮೆಟ್, ಸರಪಳಿ ಅಂಗಿಗಳಲ್ಲಿ ಬಹಳಷ್ಟು ನಮ್ಮ ಡೆಹ್ರಾಡೂನ್, ಮೀರತ್ ಕಡೆಯವೇ! ಹಾಗಂತ ನೇರವಾಗಿ ತರಿಸಿದರೆ ಲಾಭ ಅಂದುಕೊಳ್ಳಬೇಡಿ. ಅಳತೆ ತಪ್ಪಿದರೆ ವಾಪಸ್ ಕಳಿಸೋದು ಯಾರು? ಅಪ್ಪ ಅಮ್ಮ ಬರುವಾಗ ಸೂಟ್‌ಕೇಸ್‌ನಲ್ಲಿ ಹನ್ನೆರಡು ಕೆ.ಜಿ. ಕಬ್ಬಿಣ ತಂದರೆ ಉಪ್ಪಿನಕಾಯಿ, ಚಟ್ನಿಪುಡಿಗೆ ಜಾಗ ಎಲ್ಲಿ ಅಲ್ವಾ? ಲೋಹದ ಸಾಮಾನು ಇಂಗ್ಲೆಂಡಿನಲ್ಲೇ, ಕೈಯಲ್ಲಿ ಹಿಡಿದು ತೂಗಿ ನೋಡಿ ತಗೊಳ್ಳಿ. ಲಿನನ್ ಅಂಗಿ, ಚಡ್ಡಿ ಮಾತ್ರ ಊರಲ್ಲೇ ಹೊಲಿಸಬಹುದು. ಸೀರೆಗೆ ಫಾಲ್ ಹಚ್ಚುವವರು ಕೈ ಹೊಲಿಗೆಯ ಹೆಮ್ಮಿಂಗ್ ಅಚ್ಚುಕಟ್ಟಾಗಿ ಹಾಕಿಕೊಡುತ್ತಾರೆ.

ಕನ್ನಡಕ ಬೇಡ. ಅದು ಇಟಲಿಯಲ್ಲಿ ಕಾಣಿಸಿಕೊಂಡಿದ್ದೇ 1280ರ ದಶಕದಲ್ಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಿ.

ಒಂದು ಪೆನ್ನಿ ಖರ್ಚು ಮಾಡುವ ಮೊದಲು ತಂಡದಲ್ಲಿ ವೇಷದ ಜವಾಬ್ದಾರಿ ಹೊತ್ತವರಿಗೆ ಫೋಟೋ ತೋರಿಸಿ. ಹೊಸಬರಿಗೆ ಸಾಲ ಕೊಡೋಕೆ ಅಂತ ಬಹಳ ತಂಡಗಳು ಹಳೇ ಗ್ಯಾಂಬೆಸನ್, ಟೋಪಿ ಇಟ್ಟಿರುತ್ತವೆ, ಕೇಳಿ ನೋಡಿ.

ಪ್ರಶ್ನೆ: ಮಳೆಯಲ್ಲಿ ನೆನೆದ ಸರಪಳಿ ಅಂಗಿ ತುಕ್ಕು ಹಿಡಿದಿದೆ. ಏನು ಮಾಡಲಿ?

ಉತ್ತರ: ಆಗಿನವರು ಮರಳು, ವಿನೆಗರ್ ಜೊತೆ ಪೀಪಾಯಿಗೆ ಹಾಕಿ ಉರುಳಿಸುತ್ತಿದ್ದರು. ನೀವು ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್‌ಗೆ ಒಣ ಮರಳು ಹಾಕಿ ಉರುಳಿಸಿ. ಆಮೇಲೆ ಕೊಡವಿ, ತೆಳುವಾಗಿ ಎಣ್ಣೆ ಸವರಿ. ಎಣ್ಣೆ ಜಾಸ್ತಿ ಆದರೆ ಒಳಗಿನ ಗ್ಯಾಂಬೆಸನ್ ಪೂರ್ತಿ ಕಪ್ಪಾಗುತ್ತದೆ.