ಪದ್ಯ ಸಲೀಸು, ಹೆಸರು ಹೇಳೋದೇ ಕಷ್ಟ: ಯಾಕೆ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಮಾತಾಡುವಾಗ ಉಗ್ಗುತ್ತಾನೆ. ಯಾರಾದರೂ ಹೆಸರು ಕೇಳಿದರೆ ‘ಪ್... ಪ್...’ ಅಂತ ಕಣ್ಣು ಮುಚ್ಚಿ ನಿಂತುಬಿಡುತ್ತಾನೆ. ಯಕ್ಷಗಾನದ ಪದ್ಯ ಮಾತ್ರ ಒಂದಕ್ಷರ ತಡವರಿಸದೆ ಹಾಡುತ್ತಾನೆ. ಅತ್ತೆಯವರು ದಿನಾ ಬಜೆ ತೇಯ್ದು ನಾಲಗೆಗೆ ಹಚ್ಚುತ್ತಾರೆ. ತೊಂದರೆ ನಾಲಗೆಯದಾ, ಕಿವಿಯದಾ?
– ಒಬ್ಬ ತಾಯಿ, ಶಿರಸಿ

ಉತ್ತರ: ನಾಲಗೆಯದಲ್ಲ. ಹಾಡುವಾಗ ಅದೇ ನಾಲಗೆ ಸಲೀಸಾಗಿ ಹೊರಳುತ್ತದಲ್ವಾ? ಉಗ್ಗುವವರ ಕಿವಿಯೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ನಾವು ‘ಪ’ ಅನ್ನುವ ಮೊದಲೇ ಮಿದುಳು ಎರಡು ಕಡೆ ಸುದ್ದಿ ಕಳಿಸುತ್ತದೆ. ತುಟಿಗೆ ‘ಮುಚ್ಚಿ ಬಿಡು’ ಅಂತ, ಶಬ್ದ ಗುರುತಿಸುವ ಭಾಗಕ್ಕೆ ‘ಈಗ ಪ ಬರುತ್ತೆ’ ಅಂತ. ಹೊರಬಂದ ದನಿಯನ್ನು ಆ ಭಾಗ ತಾಳೆ ನೋಡುತ್ತದೆ. ಉಗ್ಗುವವರಲ್ಲಿ ಬಾಯಿ ಆಡಿಸುವ ಭಾಗವನ್ನೂ ಶಬ್ದ ಗುರುತಿಸುವ ಭಾಗವನ್ನೂ ಜೋಡಿಸುವ, ಮಿದುಳಿನ ಎಡಭಾಗದ ನರತಂತುಗಳು ತುಸು ದುರ್ಬಲ ಅನ್ನುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಹೆಡ್‌ಫೋನ್ ಹಾಕಿಸಿ, ಅವರದೇ ದನಿಯ ಸ್ವರವನ್ನು ಚೂರು ಬದಲಿಸಿ ಕೇಳಿಸಿದ ಪ್ರಯೋಗಗಳೂ ಇವೆ. ಉಳಿದವರ ಬಾಯಿ ಗೊತ್ತಿಲ್ಲದೆಯೇ ಅದನ್ನು ತಿದ್ದಿಕೊಳ್ಳುತ್ತದೆ. ಉಗ್ಗುವ ದೊಡ್ಡವರಲ್ಲಿ ಆ ತಿದ್ದುವಿಕೆ ಕಡಿಮೆ. ಕಿವಿಗೆ ಕೇಳಿದ್ದು ಬಾಯಿಗೆ ಪೂರ್ತಿ ದಾಟುವುದಿಲ್ಲ.

ಮುಂದಿನ ಅಕ್ಷರ ಯಾವಾಗ ಶುರು ಅಂತ ಹೇಳುವ ಒಳಗಿನ ತಾಳವೂ ಇವರಲ್ಲಿ ಏರುಪೇರು. ಪದ್ಯಕ್ಕೆ ಆ ತಾಳವನ್ನು ಮದ್ದಳೆ ಕೊಡುತ್ತದೆ. ಶಾಲೆಯ ಪ್ರಾರ್ಥನೆಯನ್ನು ಎಲ್ಲರ ಜೊತೆ ಹೇಳುವಾಗಲೂ ಅವನು ಉಗ್ಗಲಿಕ್ಕಿಲ್ಲ, ಗಮನಿಸಿ ನೋಡಿ.

ಕಾರವಾರದಲ್ಲಿ ನನ್ನ ಬಳಿ ಬರುತ್ತಿದ್ದ ಒಬ್ಬ ಕಾಲೇಜು ಹುಡುಗ ಕುಮಟಾಕ್ಕೆ ಹೋಗಬೇಕಿದ್ದರೂ ಹೊನ್ನಾವರದ ಟಿಕೆಟ್ ತೆಗೆಯುತ್ತಿದ್ದ. ‘ಕು’ ಹೊರಡುತ್ತಿರಲಿಲ್ಲ. ಜಾಸ್ತಿ ದುಡ್ಡು ಕೊಟ್ಟು ಕುಮಟಾದಲ್ಲೇ ಇಳಿಯುತ್ತಿದ್ದ. ಊರಿನ ಹೆಸರನ್ನಾದರೂ ಬದಲಿಸಬಹುದು, ತನ್ನ ಹೆಸರನ್ನು ಬದಲಿಸಲಾದೀತೇ? ನಿಮ್ಮ ಮಗ ಅಲ್ಲೇ ಸಿಕ್ಕಿಕೊಳ್ಳುವುದು ಅದಕ್ಕೇ.

ನೂರರಲ್ಲಿ ಸುಮಾರು 5 ಮಕ್ಕಳು ಚಿಕ್ಕಂದಿನಲ್ಲಿ ಉಗ್ಗುತ್ತಾರೆ, ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ಆದರೆ 9 ವರ್ಷಕ್ಕೂ ಉಳಿದಿದೆ ಅಂದರೆ ಸುಮ್ನೆ ಕಾಯಬೇಡಿ. ಹತ್ತಿರದ ವಾಕ್ ಚಿಕಿತ್ಸಕರಿಗೆ ತೋರಿಸಿ. ಇಲ್ಲವೇ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ.

ಮನೆಯಲ್ಲಿ ‘ನಿಧಾನ ಹೇಳು’ ಅನ್ನಬೇಡಿ, ಅವನ ಮಾತನ್ನು ನೀವು ಪೂರ್ತಿ ಮಾಡಲೂ ಬೇಡಿ. ಹೆಸರು ಹೇಳಲು ಅರ್ಧ ನಿಮಿಷ ಹಿಡಿದರೂ ಮುಖ ನೋಡುತ್ತಾ ಕಾಯಿರಿ. ಬಜೆ ನಿಲ್ಲಿಸಿ. ಅತ್ತೆಯವರಿಗೆ ಬೇಸರವಾಗದ ಹಾಗೆ ಹೇಳಿ, ಅವರೂ ಮೊಮ್ಮಗನ ಮೇಲಿನ ಪ್ರೀತಿಗೇ ತೇಯುತ್ತಿರುವುದು.