ಹಾಸಿಗೆಯಲ್ಲಿ ಮತ್ತೆ ಶುರುವಾಗುವ ಜಪ

ಹೊಸನಗರ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಎರಡೆಕರೆ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕಿಳಿದಿದೆ. ಯಜಮಾನರು ಗಲ್ಫ್‌ಗೆ ಹೋಗುವ ಯೋಚನೆಯಲ್ಲಿದ್ದಾರೆ. 11 ವರ್ಷದ ಮಗ ಒಂದು ಸಂಜೆ, "ದಿನಾ ತೇರ್ಸ್ (ಜಪಮಾಲೆ) ಹೇಳ್ತೀವಲ್ಲ, ಯೇಸುಸ್ವಾಮಿ ಯಾಕೆ ತೋಟ ಉಳಿಸಲಿಲ್ಲ?" ಎಂದು ಕೇಳಿದ. "ಜಪ ಹೇಳುವಾಗ ನೀನು ಆಕಳಿಸ್ತೀಯಲ್ಲ, ಅದಕ್ಕೇ" ಎಂದರು ಅಜ್ಜಿ. ನಾಳೆ ಏನೆಂದು ಗೊತ್ತಿಲ್ಲದ ಇಂಥ ಕಾಲದಲ್ಲಿ ಮಗನ ವಿಶ್ವಾಸ ಗಟ್ಟಿ ಮಾಡುವುದು ಹೇಗೆ, ಧರ್ಮೋಪದೇಶದ ತರಗತಿಯ ಜೊತೆಗೆ ಮನೆಯಲ್ಲಿ ಏನು ಓದಿಸಲಿ ಎಂಬುದು ತಾಯಿಯ ಪ್ರಶ್ನೆ.

ಓದಿಸುವ ಮಾತು ಆಮೇಲೆ. ಪತ್ರದ ಕೊನೆಯಲ್ಲಿ ನೀವು ಸಮಾಧಾನದಿಂದ ಬರೆದ ಸಾಲೊಂದಿದೆ: "ಈಗ ಪ್ರಶ್ನೆ ಕೇಳೋದು ಬಿಟ್ಟಿದ್ದಾನೆ. ಮಲಗಿದ ಮೇಲೂ ಒಬ್ಬನೇ ಜಪ ಹೇಳ್ತಾನೆ, ಎಲ್ಲಾದರೂ ತಪ್ಪಿದರೆ ಮತ್ತೆ ಮೊದಲಿನಿಂದ." ದಯವಿಟ್ಟು ಇದನ್ನು ಭಕ್ತಿ ಅಂದುಕೊಳ್ಳಬೇಡಿ. ನಿಮ್ಮ ಹುಡುಗ ಹೆದರಿದ್ದಾನೆ. ತೋಟ ಹಾಳಾಗಿದ್ದು ತನ್ನಿಂದ ಎಂದು ನಂಬಿಬಿಟ್ಟಿದ್ದಾನೆ. ಅಪ್ಪ ಊರು ಬಿಡುವುದೂ ತನ್ನ ತಪ್ಪಿಗೇ ಎಂದುಕೊಂಡಿರಬಹುದು.

ಅಜ್ಜಿಯ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ತೋಟದ ಚಿಂತೆ ಅವರಿಗೂ ಇದೆ, ನಿಜ. ಆದರೆ ದೊಡ್ಡವರ ದಿಗಿಲನ್ನು ಮಗುವಿನ ತಲೆಗೆ ಕಟ್ಟಬಾರದು; ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ನನಗೆ ಸಾಲದು. ಹುಟ್ಟುಕುರುಡನನ್ನು ಕಂಡು, ಪಾಪ ಇವನದೋ ಇವನ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಇಬ್ಬರದೂ ಅಲ್ಲ ಎಂದರು (ಯೊವಾನ್ನ 9:3). ಸಿಲೋವಾಮಿನಲ್ಲಿ ಗೋಪುರ ಕುಸಿದು 18 ಮಂದಿ ಸತ್ತಾಗಲೂ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೇನಲ್ಲ ಎಂದೇ ಹೇಳಿದರು (ಲೂಕ 13:4). ಇದನ್ನು ಅಜ್ಜಿಗೆ ಓದಿ ಹೇಳಬೇಕಾದವರು ಅವರ ಮಗ, ಅಂದರೆ ನಿಮ್ಮ ಯಜಮಾನರು. ಸೊಸೆ ಹೇಳಿದರೆ ಅದು ಜಗಳವಾಗುತ್ತದೆ.

ಮಗನನ್ನು ತೋಟಕ್ಕೆ ಕರೆದುಕೊಂಡು ಹೋಗಬೇಕಾದವರೂ ಅವರೇ. ಸೋಗೆಯ ಮೇಲಿನ ಕಂದು ಚುಕ್ಕಿ, ಅದರ ಸುತ್ತಲಿನ ಹಳದಿ ಅಂಚು, ಚುಕ್ಕಿಗಳು ಕೂಡಿಕೊಂಡು ಎಲೆ ಒಣಗುವ ಬಗೆ, ಎಲ್ಲವನ್ನೂ ಕೈಯಲ್ಲಿ ಹಿಡಿದು ತೋರಿಸಲಿ. ಇದು ಶಿಲೀಂಧ್ರದ ರೋಗ, ಮಳೆಹನಿ ಸಿಡಿದು, ಗಾಳಿ ಬೀಸಿ ಮರದಿಂದ ಮರಕ್ಕೆ ಹಬ್ಬುತ್ತದೆ, ತಿಂಗಳುಗಟ್ಟಲೆ ತೇವ ಆರದ ನಮ್ಮ ಮಲೆನಾಡು ಅದಕ್ಕೆ ಹಿತ ಎಂದು ತಿಳಿಸಲಿ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ತೂಗಿ ಹಾಕುವುದನ್ನು ಅವನು ನೋಡಿಯೇ ಇರುತ್ತಾನೆ. ಕೊಳೆ ಬಂದಾಗ ಯಾರ ಜಪವನ್ನೂ ದೂಷಿಸದ ಮನೆಯವರು ಎಲೆಚುಕ್ಕಿಗೆ ಮಾತ್ರ ಯಾಕೆ ದೂಷಿಸಬೇಕು? ರೋಗ ತಗುಲಿದ ಸೋಗೆ ಕಡಿದು ಸುಡುವಾಗ ಅವನೂ ಜೊತೆಗಿರಲಿ. ಗಲ್ಫ್‌ನ ವಿಷಯವನ್ನೂ ಅಪ್ಪ ಅಲ್ಲಿಯೇ ಬಾಯಿಬಿಟ್ಟು ಹೇಳಲಿ.

ಇನ್ನು ರಾತ್ರಿಯ ಕೆಲಸ. ಒಂದೇ ನಿಯಮ: ಒಮ್ಮೆ ಹೇಳಿದ ಜಪ ಮುಗಿಯಿತು, ಎರಡನೇ ಸಲ ಇಲ್ಲ. ತಪ್ಪಿರಲಿ, ತೂಕಡಿಸಿರಲಿ, ದೇವರಿಗೆ ಸಂದಿದೆ. ಇದನ್ನು ಒಂದು ಸಲ ಪ್ರೀತಿಯಿಂದ ಹೇಳಿ. "ನಿಜವಾಗಲೂ ಸಾಕಾ?" ಎಂದು ಅವನು ಮತ್ತೆ ಮತ್ತೆ ಕೇಳುತ್ತಾನೆ. ಪ್ರತಿ ಸಲ ಧೈರ್ಯ ಹೇಳಲು ಹೊರಟರೆ ಕೇಳುವುದೇ ಅಭ್ಯಾಸವಾಗಿ ಭಯ ಬೆಳೆಯುತ್ತದೆ. "ಅದಕ್ಕೆ ಉತ್ತರ ಕೊಟ್ಟಾಯ್ತು ಮಗಾ" ಎಂದು ಪಕ್ಕದಲ್ಲಿ ಕೂತಿರಿ, ಅಷ್ಟೇ. ಆಕಳಿಸಿದ್ದಕ್ಕೆ ಪಾಪನಿವೇದನೆ ಮಾಡು ಎಂದು ಅಜ್ಜಿ ಕಳಿಸುವ ಮೊದಲೇ ಫಾದರ್ ಹತ್ತಿರ ನೀವು ಮಾತಾಡಿ, ಅವರೂ ಇದೇ ಮಾತು ಹೇಳಲಿ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಸಂತ ಇಗ್ನೇಷಿಯಸ್ ಲೊಯೋಲಾ ಹಳೆಯ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ ನರಳುತ್ತಿದ್ದಾಗ, ಹಳೆಯದನ್ನು ಇನ್ನು ತರಬೇಡ ಎಂದು ಅವರ ಪಾಪನಿವೇದನೆ ಕೇಳುವ ಗುರುಗಳೇ ಅಪ್ಪಣೆ ಮಾಡಬೇಕಾಯಿತು.

ಜಪಮಾಲೆಯ 53 ನಮೋ ಮರಿಯಾ ದೊಡ್ಡವರು ಹೇಳಿಕೊಳ್ಳಲಿ. ಸದ್ಯಕ್ಕೆ ಹುಡುಗನಿಗೆ ಒಂದು ಹತ್ತು ಸಾಕು, ಅದೂ ಊಟಕ್ಕೆ ಮೊದಲು, ಕಣ್ಣೆಳೆಯದ ಹೊತ್ತಿನಲ್ಲಿ.

ಓದಿಸಲು ಕೇಳಿದಿರಲ್ಲ, ಬೈಬಲಿನ 13ನೇ ಕೀರ್ತನೆ ಓದಿಸಿ. ಆರೇ ವಚನ. ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ದೇವರನ್ನೇ ಕೇಳುತ್ತಾ ಶುರುವಾಗುತ್ತದೆ. "ಎಷ್ಟು ಕಾಲ" ಎಂಬ ಆ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಿಮ್ಮ ಮಗ ಕೇಳಿದ್ದೂ ಅದನ್ನೇ. ಅವನು ಮತ್ತೆ ಕೇಳತೊಡಗಿದರೆ ಸಂತೋಷಪಡಿ, ತಡೆಯಬೇಡಿ.

ಎರಡು ಮೂರು ವಾರ ಹೀಗೆ ನಡೆಸಿದರೂ ರಾತ್ರಿಯ ಜಪ ನಿಲ್ಲದಿದ್ದರೆ, ನಿದ್ದೆ ಊಟ ಕೆಟ್ಟರೆ, ಕೈ ತೊಳೆಯುವುದು, ಬಾಗಿಲು ನೋಡುವುದು ಇಂಥ ಬೇರೆ ಪುನರಾವರ್ತನೆ ಶುರುವಾದರೆ ಮನೋವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.