ಸೈಕಲ್ ತುಳಿಯುತ್ತ ಓದಲು ಯಾವ ಟ್ಯಾಬ್?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 66. ಮಂಡಿನೋವಿನಿಂದ ವಾಕಿಂಗ್ ಕಷ್ಟವಾದ್ದರಿಂದ ಡಾಕ್ಟರು ಮನೆಯಲ್ಲೇ ಎಕ್ಸರ್‌ಸೈಜ್ ಸೈಕಲ್ ತುಳಿಯಲು ಹೇಳಿದ್ದಾರೆ. ಸೈಕಲ್ಲೇನೋ ಬಂತು, ಗೋಡೆ ನೋಡಿಕೊಂಡು ಅರ್ಧ ಗಂಟೆ ತುಳಿಯುವುದು ಮಾತ್ರ ಶಿಕ್ಷೆಯಾಗಿದೆ. ಪೇಪರು, ಕಾದಂಬರಿ ಓದುತ್ತ, ಒಂದಿಷ್ಟು ಇಂಟರ್ನೆಟ್ ನೋಡುತ್ತ ತುಳಿಯೋಣವೆಂದು ಟ್ಯಾಬ್ ಕೊಳ್ಳಲು ಹೊರಟರೆ ಮನೆಯಲ್ಲಿ ಒಮ್ಮತವಿಲ್ಲ. ಮಗಳು ಕಿಂಡಲ್ ಎನ್ನುತ್ತಾಳೆ, ಅಳಿಯಂದಿರು ಐಪ್ಯಾಡ್ ಎನ್ನುತ್ತಾರೆ. ಅಂಗಡಿಯವರು 8.7 ಇಂಚಿನದು ತೋರಿಸಿ ‘ಹಗುರ ಇದೆ, ನಿಮಗಿದು ಸಾಕು’ ಎಂದರು. ಬಜೆಟ್ ಹದಿನೈದು ಸಾವಿರ. ಗೇಮ್, ಸಿನಿಮಾ ಏನೂ ಬೇಡ. ಯಾವುದನ್ನು ತರಲಿ?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಮೂವರೂ ಟ್ಯಾಬಿನ ಬಗ್ಗೆ ಹೇಳಿದ್ದಾರೆ. ನಿಮ್ಮ ಕಣ್ಣಿಗೂ ಸೈಕಲ್ಲಿನ ಹ್ಯಾಂಡಲ್ಲಿಗೂ ಎಷ್ಟು ದೂರ ಅಂತ ಒಬ್ಬರೂ ಕೇಳಿಲ್ಲ. ಅಂಗಡಿಗೆ ಹೋಗುವ ಮೊದಲು ಸೀಟಿನ ಮೇಲೆ ನೆಟ್ಟಗೆ ಕೂತು, ಮನೆಯವರ ಕೈಗೆ ಟೇಪು ಕೊಟ್ಟು ಅಳೆಸಿ. ಬಹುತೇಕ ಸೈಕಲ್ಲುಗಳಲ್ಲಿ ಇದು 60ರಿಂದ 70 ಸೆಂಟಿಮೀಟರ್ ಬರುತ್ತದೆ. ಪುಸ್ತಕವನ್ನು ನಾವು ಹಿಡಿಯುವುದು 35–40 ಸೆಂಟಿಮೀಟರ್ ದೂರದಲ್ಲಿ. ಅಂದರೆ ಪುಸ್ತಕದಷ್ಟೇ ಸಲೀಸಾಗಿ ಓದಬೇಕಾದರೆ ಪರದೆಯ ಮೇಲಿನ ಅಕ್ಷರ ಸುಮಾರು ಎರಡು ಪಟ್ಟು ದೊಡ್ಡದಿರಬೇಕು. ಮಿಕ್ಕ ತೀರ್ಮಾನಗಳೆಲ್ಲ ಇದರ ಹಿಂದೆಯೇ ಬರುತ್ತವೆ.

12 ಪಾಯಿಂಟಿನ ಅಕ್ಷರದ ಜಾಗದಲ್ಲಿ 24 ಪಾಯಿಂಟ್ ಇಟ್ಟುಕೊಂಡು ಲೆಕ್ಕ ಹಾಕೋಣ. 8.7 ಇಂಚಿನ ಟ್ಯಾಬನ್ನು ನಿಲ್ಲಿಸಿ ಇಟ್ಟರೆ ಅಗಲ ಸುಮಾರು 11 ಸೆಂಟಿಮೀಟರ್. ಅಷ್ಟರಲ್ಲಿ ಸಾಲಿಗೆ ಮೂರು, ಹೆಚ್ಚೆಂದರೆ ನಾಲ್ಕು ಕನ್ನಡ ಪದ ಕೂರುತ್ತವೆ. ನಮ್ಮ ವಿಭಕ್ತಿಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಕೆಲವು ಸಾಲಿನಲ್ಲಿ ಎರಡೇ. ಅಡ್ಡ ಇಟ್ಟರೆ ಪದಗಳೇನೋ ಹಿಡಿಸುತ್ತವೆ, ಸಾಲುಗಳು ಕಡಿಮೆಯಾಗಿ ಕ್ಷಣಕ್ಕೊಮ್ಮೆ ಬೆರಳಾಡಿಸಬೇಕು. 11 ಇಂಚಿನದನ್ನು ಅಡ್ಡ ಇಟ್ಟರೆ ಅಗಲ 23 ಸೆಂಟಿಮೀಟರ್ ದಾಟುತ್ತದೆ. ಆರೇಳು ಪದದ ಸಾಲು, ಕಾದಂಬರಿ ಓದಲು ಹದವಾದ ಅಳತೆ. ಅಂಗಡಿಯವರು ಹೇಳಿದ ‘ಹಗುರ’ ನಿಜವೇ. ಚಿಕ್ಕದು 330 ಗ್ರಾಂ ಆಸುಪಾಸು ಇದ್ದರೆ ದೊಡ್ಡದು 480 ಗ್ರಾಂ ತೂಗುತ್ತದೆ. ಆದರೆ ನೀವು ಅದನ್ನು ಕೈಯಲ್ಲಿ ಹಿಡಿಯುವವರೇ ಅಲ್ಲವಲ್ಲ! ಭಾರ ಹೊರುವುದು ಸ್ಟ್ಯಾಂಡು.

ಕನ್ನಡ ಓದುವವರಿಗೆ ಇನ್ನೊಂದು ಕಷ್ಟ ಇದೆ, ಒತ್ತಕ್ಷರದ್ದು. ಇಂಗ್ಲಿಷಿಗೆ ಸಾಕಾಗುವ ಪರದೆಯಲ್ಲಿ ‘ವೈಶಿಷ್ಟ್ಯ’, ‘ಸ್ವಾತಂತ್ರ್ಯ’ದಂಥ ಪದಗಳ ಕೆಳಗಿನ ಒತ್ತುಗಳು ಕಲಸಿಹೋಗುತ್ತವೆ. ಡಬ್ಬಿಯ ಮೇಲೆ 1340×800 ಎಂದು ಬರೆದಿರುವ 8.7 ಇಂಚಿನ ಪರದೆಯಲ್ಲಿ ಒಂದು ಇಂಚಿಗೆ ಬರುವುದು ಸುಮಾರು 180 ಚುಕ್ಕಿ. 1920×1200ರ 11 ಇಂಚಿನದರಲ್ಲಿ 206. ಐಪ್ಯಾಡಿನಲ್ಲಿ 264. ದೂರದಿಂದ ದೊಡ್ಡ ಅಕ್ಷರ ಓದುವವರಿಗೆ 206 ಧಾರಾಳ. ಅಂಗಡಿಯಲ್ಲಿ ಟ್ಯಾಬ್ ಕೈಗೆ ಕೊಟ್ಟ ಕೂಡಲೇ ಅವರು ಬಣ್ಣಬಣ್ಣದ ಹೂವು, ಜಲಪಾತದ ವೀಡಿಯೊ ಹಾಕುತ್ತಾರೆ. ಅದನ್ನು ಪಕ್ಕಕ್ಕೆ ಸರಿಸಿ, ಯಾವುದಾದರೂ ಕನ್ನಡ ಪತ್ರಿಕೆಯ ಪುಟ ತೆರೆಸಿ, ಟ್ಯಾಬನ್ನು ಕೌಂಟರಿನ ಮೇಲೆ ಒರಗಿಸಿ ನಿಲ್ಲಿಸಿ. ಮನೆಯಲ್ಲಿ ಅಳೆದಷ್ಟೇ ದೂರ ಹಿಂದೆ ಸರಿದು ಓದಿ. ಸೇಲ್ಸ್‌ನ ಹುಡುಗ ನಕ್ಕರೆ ನಗಲಿ.

ಇನ್ನು ಮಗಳು ಹೇಳಿದ ಕಿಂಡಲ್. ಓದುವ ಸಾಧನವಾಗಿ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಕಣ್ಣಿಗೆ ತಂಪು, ಚಾರ್ಜು ವಾರಗಟ್ಟಲೆ ಬರುತ್ತದೆ. ತೊಡಕು ನಮ್ಮ ಭಾಷೆಯದು. 2016ರಲ್ಲಿ ಕಿಂಡಲ್ ಅಂಗಡಿಗೆ ಭಾರತೀಯ ಭಾಷೆಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿದ್ದವು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡದ ಇ-ಪುಸ್ತಕ ನಾವು ಕೊಳ್ಳುವುದು ಮೈಲ್ಯಾಂಗ್, ಋತುಮಾನ, ಗೂಗಲ್ ಪ್ಲೇ ಬುಕ್ಸ್‌ನಂಥ ಕಡೆ. ಈ ಆಪ್‌ಗಳನ್ನು ಕಿಂಡಲ್ ಯಂತ್ರದೊಳಗೆ ಹಾಕಿಕೊಳ್ಳಲು ಬರುವುದಿಲ್ಲ. ಇಂಟರ್ನೆಟ್ ನೋಡುವುದಂತೂ ಅದರಲ್ಲಿ ಆಮೆನಡಿಗೆ. ಮಗಳಿಗೆ ಬೇಜಾರಾಗದ ಹಾಗೆ ನೀವೇ ಹೇಳಿ.

ಐಪ್ಯಾಡ್ ಚೆನ್ನಾಗಿಯೇ ಇದೆ, ನಿಮ್ಮ ಬಜೆಟ್ಟಿನ ಎರಡು ಪಟ್ಟನ್ನೂ ಮೀರುತ್ತದೆ ಅಷ್ಟೇ. ಅಳಿಯಂದಿರು ಸಲಹೆಯ ಜೊತೆ ದುಡ್ಡೂ ಕೊಡುವುದಾದರೆ ಬೇಡವೆನ್ನಬೇಡಿ.

ಹೀಗಾಗಿ ನನ್ನ ಮತ ಸಾಧಾರಣ ದರದ 11 ಇಂಚಿನ ಆಂಡ್ರಾಯ್ಡ್ ಟ್ಯಾಬಿಗೆ. ರೆಡ್‌ಮಿ ಪ್ಯಾಡ್ ಎಸ್‌ಇ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ ಈ ಅಳತೆಯವು. ಮಾಡೆಲ್ ವರ್ಷ ವರ್ಷ ಬದಲಾಗುತ್ತದೆ, ಬೆಲೆ ಹಬ್ಬ ಹಬ್ಬಕ್ಕೆ ಬದಲಾಗುತ್ತದೆ, ಆದ್ದರಿಂದ ಹೆಸರಿಗಿಂತ ಅಳತೆ ನೆನಪಿಟ್ಟುಕೊಳ್ಳಿ. 11 ಇಂಚು, 1920×1200, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮೆಮೊರಿ ಕಾರ್ಡ್ ಹಾಕುವ ಕಿಂಡಿ. 2–3 ಜಿಬಿ ರ‍್ಯಾಮಿನದು ಎಷ್ಟೇ ಸೋವಿಯಾಗಿ ಕೊಟ್ಟರೂ ಬೇಡ. ಈಗಿನ ಸುದ್ದಿ ತಾಣಗಳಲ್ಲಿ ಸುದ್ದಿಗಿಂತ ಜಾಹೀರಾತು ಹೆಚ್ಚು, ಅದು ಏದುಸಿರು ಬಿಡುತ್ತದೆ. ಸಿಮ್ ಹಾಕುವ ಮಾಡೆಲ್ಲಿಗೆ ಹೆಚ್ಚು ದುಡ್ಡು ಕೊಡಬೇಡಿ. ಮನೆಯ ವೈಫೈ ಇಲ್ಲದಿದ್ದರೂ ಫೋನಿನ ಹಾಟ್‌ಸ್ಪಾಟ್ ಸಾಕು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೇ ಹೋಗುವುದುಂಟು. ಪುಸ್ತಕಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಹಳೆಯ ಪುಸ್ತಕ ಓದುವ ಅಭ್ಯಾಸ ನಿಮಗೆ ಇದ್ದೇ ಇರುತ್ತದೆ ಎಂದುಕೊಂಡು ಇಷ್ಟು ಹೇಳುತ್ತೇನೆ. ಆರ್ಕೈವ್ ಡಾಟ್ ಆರ್ಗ್ ತಾಣದಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ರಾಶಿ ಬಿದ್ದಿವೆ, ಅಂಗಡಿಯಲ್ಲಿ ಈಗ ಸಿಗದವೂ ಎಷ್ಟೋ ಇವೆ. ಇವು ಪುಟದ ಫೋಟೊಗಳು. ಇ-ಪುಸ್ತಕದ ಹಾಗೆ ಅಕ್ಷರವನ್ನಷ್ಟೇ ದೊಡ್ಡದು ಮಾಡಲು ಬಾರದು, ಇಡೀ ಪುಟವನ್ನೇ ಹಿಗ್ಗಿಸಬೇಕು. ನಮ್ಮ ಸಾಮಾನ್ಯ ಡೆಮಿ ಅಳತೆಯ ಪುಸ್ತಕದ ಪುಟದ ಅಗಲ ಸುಮಾರು 14 ಸೆಂಟಿಮೀಟರ್, ಎತ್ತರ 21 ಚಿಲ್ಲರೆ. 11 ಇಂಚಿನ ಟ್ಯಾಬನ್ನು ನಿಲ್ಲಿಸಿದರೆ ಪುಟ ಹೆಚ್ಚೂಕಡಿಮೆ ಅದರ ನಿಜ ಗಾತ್ರದಲ್ಲೇ ಕಾಣುತ್ತದೆ, ಮಂಚದ ಮೇಲೆ ಒರಗಿ ಓದುವಾಗ ಇದು ಸುಖ. ಸೈಕಲ್ಲಿನ ಮೇಲೆ ಅಡ್ಡ ಇಡಿ. ಪುಟ ಒಂದೂಮುಕ್ಕಾಲು ಪಟ್ಟು ಹಿಗ್ಗುತ್ತದೆ, ಒಂದು ಸಲಕ್ಕೆ ಐದರಲ್ಲಿ ಎರಡು ಪಾಲು ಕಾಣುತ್ತದೆ. ಪುಟಕ್ಕೆ ಎರಡು ಸಲ ಬೆರಳಾಡಿಸಿದರೆ ಮುಗಿಯಿತು. ಪತ್ರಿಕೆಗಳ ಇ-ಪೇಪರನ್ನು ಮಾತ್ರ ಇಡೀ ಪುಟವಾಗಿ ಓದಲು ಹೋಗಬೇಡಿ, ಅಷ್ಟಗಲದ ಪುಟ ಯಾವ ಟ್ಯಾಬಿನಲ್ಲೂ ಹಿಡಿಸುವುದಿಲ್ಲ. ಅದೇ ಸುದ್ದಿ ಪತ್ರಿಕೆಯ ವೆಬ್‌ಸೈಟಿನಲ್ಲಿ ಬಿಡಿಯಾಗಿ ಸಿಗುತ್ತದೆ, ಅಲ್ಲಿ ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ಟ್ಯಾಬಿಗಿಂತ ಮುಖ್ಯವಾದ ಖರ್ಚು ಕನ್ನಡಕದ್ದು. ಓದುವ ಕನ್ನಡಕ ಮಾಡುವುದು 40 ಸೆಂಟಿಮೀಟರ್ ದೂರಕ್ಕೆ. 65–70ಕ್ಕೆ ಅದರಲ್ಲಿ ಅಕ್ಷರ ಮಸುಕು. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಹಾಕುವವರಾದರೆ ಕೆಳಗಿನ ಭಾಗದಿಂದ ನೋಡಲು ಗದ್ದ ಮೇಲೆತ್ತಿ ತುಳಿಯುತ್ತೀರಿ. ಮಂಡಿನೋವಿಗೆಂದು ಕೂತವರು ಕತ್ತುನೋವು ಹಿಡಿಸಿಕೊಂಡು ಏಳುತ್ತೀರಿ. ನನ್ನ ಅಂಗಡಿಗೆ ಟಿ.ವಿ. ರಿಪೇರಿಗೆ ಬರುತ್ತಿದ್ದವರಲ್ಲಿ ‘ಚಿತ್ರ ಮಂಜಾಗಿದೆ’ ಎಂದ ಎಷ್ಟೋ ಜನರನ್ನು ನಾನು ಕನ್ನಡಕದ ಅಂಗಡಿಗೆ ಕಳಿಸಿದ್ದುಂಟು. ಕಣ್ಣು ಪರೀಕ್ಷೆ ಮಾಡುವವರಿಗೆ ಟೇಪಿನ ಅಳತೆ ಹೇಳಿ, ಆ ದೂರಕ್ಕೆಂದೇ ಒಂದೇ ಪವರಿನ ಕನ್ನಡಕ ಕೇಳಿ. ಕಂಪ್ಯೂಟರ್ ಮುಂದೆ ಕೂರುವವರಿಗೆ ಮಾಡುವಂಥದ್ದೇ ಇದು. ಸೈಕಲ್ಲಿನಿಂದ ಇಳಿಯುವಾಗ ತೆಗೆದಿಡಿ.

ಸ್ಟ್ಯಾಂಡಿನ ವಿಷಯ. ಸೈಕಲ್ಲಿನ ಮೀಟರಿನ ಮೇಲೆ ಮೊಬೈಲ್ ಇಡಲು ಪ್ಲಾಸ್ಟಿಕ್ಕಿನ ಸಣ್ಣ ಅಂಚು ಕೊಟ್ಟಿರುತ್ತಾರೆ, ಅದನ್ನು ನಂಬಬೇಡಿ. ಅರ್ಧ ಕೆಜಿ ಸಾಮಾನು ಎರಡು ದಿನ ಕೂರುತ್ತದೆ, ಮೂರನೇ ದಿನ ಪಾದದ ಮೇಲೆ ಬೀಳುತ್ತದೆ. ಹ್ಯಾಂಡಲ್ಲಿಗೆ ಬಿಗಿಯುವ ಟ್ಯಾಬ್ ಹೋಲ್ಡರ್ ಸಿಗುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಆರ್ಕೆಸ್ಟ್ರಾ ಹಾಡುಗಾರರ ಉಪಾಯ. ಅವರೀಗ ಹಾಡಿನ ಪುಸ್ತಕ ಬಿಟ್ಟು ಮೈಕ್ ಸ್ಟ್ಯಾಂಡಿಗೆ ಟ್ಯಾಬ್ ಸಿಕ್ಕಿಸಿಕೊಂಡು ಹಾಡುತ್ತಾರೆ. ಅಂಥ ಸ್ಟ್ಯಾಂಡನ್ನು ಸೈಕಲ್ಲಿನ ಮುಂದೆ ನೆಲದ ಮೇಲೆ ನಿಲ್ಲಿಸಿ. ತುಳಿಯುವ ಅದುರು ಪರದೆಗೆ ತಾಗುವುದಿಲ್ಲ, ಎತ್ತರ ಕಣ್ಣಿಗೆ ಬೇಕಾದಷ್ಟು ಹೊಂದಿಸಬಹುದು, ಸೈಕಲ್ಲಿನ ಕಡೆಗೆ ಎಳೆದುಕೊಂಡು ದೂರವನ್ನೂ ಒಂದಿಷ್ಟು ಕಡಿಮೆ ಮಾಡಬಹುದು. ಪರದೆ ತಾನೇ ತಿರುಗುವ ಆಟೋ ರೊಟೇಟನ್ನು ಆರಿಸಿಬಿಡಿ. ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದಿದ್ದರೆ ಓದುವ ಬದಲು ಅದರ ಪ್ರತಿಬಿಂಬ ನೋಡುತ್ತೀರಿ, ಸೈಕಲ್ಲನ್ನೇ ತಿರುಗಿಸಿ ಹಾಕಿ.

ಬೆವರಿನ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ, ಒಂದು ಒತ್ತಿದರೆ ಇನ್ನೊಂದು ತೆರೆಯುತ್ತದೆ. ಈ ದರದ ಟ್ಯಾಬುಗಳು ನೀರು, ಬೆವರು ತಡೆಯುವಂಥವೂ ಅಲ್ಲ. ಹೆಗಲ ಮೇಲೊಂದು ಟವೆಲ್ ಇರಲಿ. ಬೆವರು ಧಾರಾಳ ಎನ್ನುವವರು ತೆಳ್ಳನೆಯ ಜಿಪ್ ಕವರಿನೊಳಗೆ ಟ್ಯಾಬ್ ಹಾಕಿಟ್ಟುಕೊಂಡರೂ ನಡೆಯುತ್ತದೆ, ಅದರ ಮೇಲಿಂದಲೇ ಟಚ್ ಕೆಲಸ ಮಾಡುತ್ತದೆ. ಪ್ಲೇ ಬುಕ್ಸ್‌ನ ಸೆಟ್ಟಿಂಗಿನಲ್ಲಿ ವಾಲ್ಯೂಮ್ ಗುಂಡಿಯಿಂದ ಪುಟ ತಿರುಗಿಸುವ ಸೌಲಭ್ಯವಿದೆ, ಪರದೆ ಮುಟ್ಟುವ ಗೋಜೇ ಇಲ್ಲ.

ಕೊನೆಗೆ ವ್ಯಾಯಾಮದ ಮಾತು. ವಾರಕ್ಕೆ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಧ್ಯಮ ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕತೆ ರಂಗೇರಿದ ಹಾಗೆ ಕಾಲು ನಿಧಾನವಾಗುವುದು ಎಲ್ಲರಿಗೂ ಆಗುತ್ತದೆ, ಮೀಟರಿನ ಮೇಲೂ ಒಂದು ಕಣ್ಣಿಡಿ. ಎಷ್ಟು ಹೊತ್ತು, ಎಷ್ಟು ಬಿಗಿ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಲಿ. ನನ್ನ ಅನುಭವದಲ್ಲಿ ಸೈಕಲ್ಲಿನ ಮೇಲೆ ಪೇಪರು, ಪತ್ತೇದಾರಿ, ಪ್ರವಾಸಕಥನ ಚೆನ್ನಾಗಿ ಓಡುತ್ತವೆ. ಕುಮಾರವ್ಯಾಸನನ್ನು ಒಮ್ಮೆ ತೆರೆದು ನೋಡಿದೆ. ಷಟ್ಪದಿಯ ಲಯಕ್ಕೆ ಕಾಲು ತಾನೇ ಹೊಂದಿಕೊಂಡಿತು, ಅರ್ಥ ಮಾತ್ರ ಒಂದೂ ತಲೆಗೆ ಇಳಿಯಲಿಲ್ಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಜಿಮ್‌ನ ಟ್ರೆಡ್‌ಮಿಲ್ ಮೇಲೆ ಟ್ಯಾಬ್ ಇಟ್ಟುಕೊಂಡು ನೋಟ್ಸ್ ಓದಬಹುದೇ ಸರ್? ಟೈಮ್ ಉಳಿಯುತ್ತದೆ.
– ಒಬ್ಬ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಬೇಡಮ್ಮ. ಸೈಕಲ್ಲಿನಲ್ಲಿ ತಲೆ ನಿಂತಿರುತ್ತದೆ, ಟ್ರೆಡ್‌ಮಿಲ್ಲಿನಲ್ಲಿ ಹೆಜ್ಜೆ ಹೆಜ್ಜೆಗೂ ಕುಲುಕುತ್ತದೆ. ಸಾಲು ತಪ್ಪುತ್ತದೆ, ಕೆಲವರಿಗೆ ತಲೆಯೂ ಸುತ್ತುತ್ತದೆ. ಪುಟ ತಿರುಗಿಸಲು ಕೈಚಾಚಿದಾಗ ಕಾಲು ಬೆಲ್ಟಿನ ಅಂಚಿಗೆ ಹೋದರೆ ಬೀಳುವುದು ನೀನು, ಟ್ಯಾಬಲ್ಲ. ಅಲ್ಲಿ ಓದಬೇಡ, ಕೇಳು. ಆಂಡ್ರಾಯ್ಡ್ ಸೆಟ್ಟಿಂಗಿನ ಆಕ್ಸೆಸಿಬಿಲಿಟಿಯಲ್ಲಿ ‘ಸೆಲೆಕ್ಟ್ ಟು ಸ್ಪೀಕ್’ ಅಂತ ಇದೆ. ಗೂಗಲ್‌ನ ಕನ್ನಡ ಧ್ವನಿ ಇಳಿಸಿಕೊಂಡರೆ ಪರದೆ ಮೇಲಿನ ಬರಹ ಓದಿ ಹೇಳುತ್ತದೆ. ಉಚ್ಚಾರ ಯಂತ್ರದ್ದೇ, ಆದರೂ ಅರ್ಥವಾಗುತ್ತದೆ. ಕೈಬರಹದ ನೋಟ್ಸಿನ ಫೋಟೊಗಳನ್ನು ಓದಿಸಬಹುದು ಎಂದು ನಂಬಿ ಕೂರಬೇಡ, ಟೈಪ್ ಮಾಡಿದ ಬರಹವಾದರೆ ಸಲೀಸು. ಆಕಾಶವಾಣಿಯ ಕನ್ನಡ ವಾರ್ತೆಯೂ ಅವರ ಆಪ್‌ನಲ್ಲಿ ಸಿಗುತ್ತದೆ, ಪ್ರಚಲಿತ ವಿದ್ಯಮಾನಕ್ಕೆ ಆಯಿತು. ಇಷ್ಟಕ್ಕೆ ನಿನ್ನ ಫೋನೇ ಸಾಕು, ಟ್ಯಾಬಿಗೆ ದುಡ್ಡು ಹಾಕಬೇಡ. ಟ್ರೆಡ್‌ಮಿಲ್ಲಿನ ಕೆಂಪು ಸೇಫ್ಟಿ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೋ. ಯಾರೂ ಸಿಕ್ಕಿಸಿಕೊಳ್ಳುವುದಿಲ್ಲ, ನೀನು ಸಿಕ್ಕಿಸಿಕೋ.

ಪ್ರಶ್ನೆ: ಮಗನ ಹಳೆಯ ಟ್ಯಾಬ್ ಬೀರುವಿನಲ್ಲಿದೆ. ಸೈಕಲ್ ತುಳಿಯುವಾಗ ಓದಲು ಅದನ್ನೇ ಬಳಸಬಹುದಾ, ಹೊಸದೇ ಬೇಕಾ?
– ಒಬ್ಬ ಗೃಹಿಣಿ, ಮಂಗಳೂರು

ಉತ್ತರ: ಹಿಂಬದಿ ಉಬ್ಬಿಲ್ಲವಾದರೆ ಮೊದಲು ಅದನ್ನೇ ಚಾರ್ಜಿಗೆ ಹಾಕಿ ನೋಡಿ. ಸೆಟ್ಟಿಂಗಿನಲ್ಲಿ ಆಂಡ್ರಾಯ್ಡ್ ಎಷ್ಟನೆಯದು ಎಂದು ತೋರಿಸುತ್ತದೆ. 9 ಅಥವಾ ಅದಕ್ಕಿಂತ ಹಳೆಯದಾದರೆ ಹೊಸ ಕ್ರೋಮ್ ಅದಕ್ಕೆ ಬರುವುದಿಲ್ಲ, ಬರಬರುತ್ತ ಎಷ್ಟೋ ವೆಬ್‌ಸೈಟು ಸರಿಯಾಗಿ ತೆರೆಯುವುದಿಲ್ಲ. ಇಳಿಸಿಟ್ಟ ಪಿಡಿಎಫ್ ಓದಲು ಅಡ್ಡಿಯಿಲ್ಲ. ಸುರಕ್ಷತೆಯ ಅಪ್‌ಡೇಟ್ ನಿಂತ ಟ್ಯಾಬಿನಲ್ಲಿ ಬ್ಯಾಂಕಿನ ಆಪ್, ಫೋನ್‌ಪೇ, ಗೂಗಲ್‌ಪೇ ಇಡಬೇಡಿ. ಹಿಂಬದಿ ಉಬ್ಬಿದ್ದರೆ ಅಥವಾ ಪರದೆ ಅಂಚಿನಲ್ಲಿ ಬಾಯಿಬಿಟ್ಟಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಆಗ ಚಾರ್ಜಿಗೂ ಹಾಕಬೇಡಿ, ಒತ್ತಿ ಸರಿಮಾಡಲೂ ಹೋಗಬೇಡಿ, ಗುಜರಿಯವರಿಗೂ ಕೊಡಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಮಗನ ಕೈಲೇ ಕಳಿಸಿ.